ಬ್ಯಾಂಕಾಕ್‌ಗೆ ಮೊದಲ ಸಲ: ಸ್ಟೇಷನ್ ನೋಡಿ ರೂಮ್ ಹಿಡಿಯಿರಿ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಹೆಚ್ಚೆಂದರೆ ನಾಲ್ಕು ಗಂಟೆ. ಅಲ್ಲಿಳಿದು ಸಂಜೆ ಆರಕ್ಕೆ ಸುಖುಮ್ವಿತ್ ರಸ್ತೆಯಲ್ಲಿ ಟ್ಯಾಕ್ಸಿ ಹತ್ತಿದಿರೋ, ಐದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಸಿಲ್ಕ್ ಬೋರ್ಡ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನಲ್ಲಿ ದೂರವನ್ನು ಅಳೆಯಬೇಕಾದದ್ದು ಸ್ಟೇಷನ್ ಲೆಕ್ಕದಲ್ಲಿ. ಮೊದಲ ಸಲ ಹೋದವರು ಕಳೆದುಕೊಳ್ಳುವ ದುಡ್ಡು, ಸಮಯ, ತಾಳ್ಮೆ ಮೂರೂ ಸಾಮಾನ್ಯವಾಗಿ ಸೋರುವುದು ಎರಡೇ ಕಡೆ: ರೈಲಿಗೆ ದೂರವಾದ ರೂಮು, ಮತ್ತು ನಡುಮಧ್ಯಾಹ್ನದ ಬಿಸಿಲಿನಲ್ಲಿ ನೋಡಹೊರಟ ಗ್ರ್ಯಾಂಡ್ ಪ್ಯಾಲೇಸ್ ಅರಮನೆ. ಇವೆರಡನ್ನು ಸರಿಮಾಡಿಕೊಂಡರೆ ಮಿಕ್ಕದ್ದು ಸಲೀಸು.

ಟಿಕೆಟ್ ಮಾಡುವ ಮುಂಚೆ

ಹವೆ ನೋಡಿದರೆ ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಕೆಲವು ದಿನ ಹೊಗೆಮಬ್ಬು ಕವಿದಿರುತ್ತದೆ. ಉಬ್ಬಸ ಇರುವವರು ಮಾಸ್ಕ್ ಇಟ್ಟುಕೊಳ್ಳಿ. ಏಪ್ರಿಲ್ ಬೇಯಿಸುತ್ತದೆ. ಆ ತಿಂಗಳ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅವರ ಹೊಸವರ್ಷ. ಊರಿಗೆ ಊರೇ ನೀರೆರಚಾಟ, ಮೊಬೈಲ್ ಪ್ಲಾಸ್ಟಿಕ್ ಚೀಲದಲ್ಲಿಲ್ಲದಿದ್ದರೆ ಕಥೆ ಮುಗಿಯಿತು. ಸೆಪ್ಟೆಂಬರ್, ಅಕ್ಟೋಬರ್ ಮಳೆಗಾಲದ ಜೋರು ತಿಂಗಳುಗಳು. ಇಡೀ ದಿನ ಸುರಿಯುವ ಮಲೆನಾಡಿನ ಮಳೆಯಲ್ಲ ಅದು. ಸಂಜೆ ಒಂದೆರಡು ಗಂಟೆ ಬಿರುಸಾಗಿ ಹೊಡೆದು ರಸ್ತೆಯನ್ನು ಕೆರೆಮಾಡಿ ನಿಲ್ಲುತ್ತದೆ.

ವೀಸಾ ವಿಷಯಕ್ಕೆ ಬಂದರೆ, 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟರು, ಆಗ 30 ದಿನ. 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿದರು. ಇಂಥ ನಿಯಮ ಬದಲಾಗುತ್ತಲೇ ಇರುವುದರಿಂದ, ಟಿಕೆಟಿಗೆ ದುಡ್ಡು ಕಟ್ಟುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ತೆರೆದು ಒಮ್ಮೆ ನೋಡಿ. ವೀಸಾ ಬೇಡವೆಂದಮಾತ್ರಕ್ಕೆ ಕಾಗದ ಬೇಡವೆಂದಲ್ಲ. ಮರಳಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಆರು ತಿಂಗಳಿಗೂ ಹೆಚ್ಚು ಅವಧಿ ಉಳಿದ ಪಾಸ್‌ಪೋರ್ಟ್, ಖರ್ಚಿಗೆ ಸಾಕಷ್ಟು ಹಣ ಕೈಯಲ್ಲಿರುವುದಕ್ಕೆ ಪುರಾವೆ, ಇಷ್ಟನ್ನು ಕೇಳುವ ಅಧಿಕಾರ ಅಲ್ಲಿನ ಇಮಿಗ್ರೇಷನ್‌ನವರಿಗಿದೆ. ಎಲ್ಲರನ್ನೂ ಕೇಳುವುದಿಲ್ಲ, ಕೇಳಿದಾಗ ಫೋನಿನ ಚಾರ್ಜ್ ಮುಗಿದಿರಬಾರದು. ಎರಡು ಪ್ರತಿ ಪ್ರಿಂಟ್ ತೆಗೆದಿಟ್ಟುಕೊಳ್ಳುವುದು ಹಳೆಯ ಕಾಲದ್ದಾದರೂ ಒಳ್ಳೆಯ ಅಭ್ಯಾಸ.

2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ವಿಮಾನದಲ್ಲಿ ಹಂಚುತ್ತಿದ್ದ ಕಾಗದದ ಚೀಟಿಯ ಬದಲು ಬಂದದ್ದು ಇದು. ತುಂಬುವ ಕ್ರಮ ಹೀಗೆ:

1. ತಲುಪುವ ದಿನಕ್ಕೆ ಮೂರು ದಿನ ಇರುವಾಗ ಥಾಯ್ ಇಮಿಗ್ರೇಷನ್ ಇಲಾಖೆಯ ತಾಣ ತೆರೆಯಿರಿ. ಅದಕ್ಕೂ ಮೊದಲು ತುಂಬಲು ಹೋಗಬೇಡಿ.
2. ವಿಳಾಸದ ಕೊನೆಯಲ್ಲಿ 'ಡಾಟ್ ಜಿ-ಓ ಡಾಟ್ ಟಿ-ಎಚ್' ಇದೆಯೇ ನೋಡಿ. ಸರ್ಕಾರದ ತಾಣ ಒಂದು ಪೈಸೆಯನ್ನೂ ಕೇಳುವುದಿಲ್ಲ. ಕಾರ್ಡ್ ನಂಬರ್ ಕೇಳಿದರೆ ನೀವು ನಕಲಿ ತಾಣದಲ್ಲಿದ್ದೀರಿ, ಮುಚ್ಚಿ ಹೊರಬನ್ನಿ.
3. ಹೆಸರನ್ನು ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ತುಂಬಿ. ನಮ್ಮಲ್ಲಿ ಎಡವಟ್ಟಾಗುವುದು ಇನಿಷಿಯಲ್‌ನಿಂದ. ಆಧಾರ್‌ನಲ್ಲಿ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಊರು-ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ವಿಮಾನದ ಟಿಕೆಟ್, ಈ ಕಾರ್ಡ್, ಎರಡೂ ಪಾಸ್‌ಪೋರ್ಟಿಗೆ ಹೊಂದಬೇಕು.
4. ಮಕ್ಕಳಿಗೂ ಬೇರೆಯಾಗಿ ತುಂಬಬೇಕು. ಬಂದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ.

ಇ-ಸಿಗರೇಟು ಸೇದುವವರು ಅದನ್ನು ಇಲ್ಲೇ ಬಿಟ್ಟು ಹೋಗಿ, ಅಲ್ಲಿ ಅದು ಕಾನೂನುಬಾಹಿರ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಎರಡು ದುಂಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಹೋಗುತ್ತದೆ. ಲ್ಯಾಪ್‌ಟಾಪ್ ಇದ್ದರೆ ಒಂದು ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ.

ರೂಮ್ ಎಲ್ಲಿ ಹಿಡಿಯಬೇಕು

ಬುಕಿಂಗ್ ತಾಣದಲ್ಲಿ 'ಸಿಟಿ ಸೆಂಟರಿಗೆ ಎರಡು ಕಿಲೋಮೀಟರ್' ಎಂದು ಬರೆದಿರುವುದಕ್ಕೆ ಅರ್ಥವಿಲ್ಲ, ಬ್ಯಾಂಕಾಕ್‌ಗೆ ಒಂದು ಸೆಂಟರ್ ಎಂಬುದೇ ಇಲ್ಲ. ನಕ್ಷೆಯಲ್ಲಿ ಹೋಟೆಲಿನಿಂದ ಬಿಟಿಎಸ್ (ಮೇಲ್ಸೇತುವೆಯ ರೈಲು) ಅಥವಾ ಎಂಆರ್‌ಟಿ (ಹೆಚ್ಚಾಗಿ ನೆಲದಡಿಯ ರೈಲು) ಸ್ಟೇಷನ್‌ಗೆ ನಡೆದು ಹೋಗುವ ದಾರಿ ಹಾಕಿ. ಎಂಟು ನಿಮಿಷ ಮೀರಿದರೆ ಬಿಡಿ. ಆ ಸೆಕೆಯಲ್ಲಿ ಹದಿನೈದು ನಿಮಿಷ ನಡೆದು ಬರುವಷ್ಟರಲ್ಲಿ ಅಂಗಿ ಹಿಂಡುವ ಹಾಗಾಗಿರುತ್ತದೆ, ಅದೂ ದಿನಕ್ಕೆ ಎರಡು ಸಲ.

ಮೊದಲ ಸಲಕ್ಕೆ ಹೊಂದುವ ಜಾಗಗಳು ಮೂರು-ನಾಲ್ಕಿವೆ. ಫಾಯಾ ಥೈ ಮತ್ತು ಅದರ ಪಕ್ಕದ ರಾಚಥೇವಿ: ವಿಮಾನ ನಿಲ್ದಾಣದ ರೈಲು ಬಂದು ನಿಲ್ಲುವುದು ಫಾಯಾ ಥೈನಲ್ಲಿ, ಸಾಮಾನು ಹೊತ್ತವರಿಗೆ ಅನುಕೂಲ. ಅಸೋಕ್: ಬಿಟಿಎಸ್, ಎಂಆರ್‌ಟಿ ಎರಡೂ ಸೇರುವ ಜಾಗ. ಸಫಾನ್ ತಕ್ಸಿನ್ ಅಥವಾ ಸುರಸಕ್: ನದಿಗೆ, ದೋಣಿಗೆ ಹತ್ತಿರ, ರಾತ್ರಿ ಗಲಾಟೆ ಕಡಿಮೆ. ನಮ್ಮವರು ಹೆಚ್ಚಾಗಿ ಇಳಿಯುವುದು ಪ್ರತೂನಾಮ್‌ನಲ್ಲಿ. ಬಟ್ಟೆ ಸಗಟು ಮಾರುಕಟ್ಟೆ, ಸುತ್ತ ಭಾರತೀಯ ಹೋಟೆಲುಗಳಿವೆ ಎಂಬುದು ಕಾರಣ. ಕೊಳ್ಳುವುದೇ ಕೆಲಸವಾದರೆ ಸರಿ. ಆದರೆ ಅಲ್ಲಿಗೆ ಬಿಟಿಎಸ್ ಇಲ್ಲ, ಚಿತ್ ಲೋಮ್ ಸ್ಟೇಷನ್‌ಗೆ ನಡೆಯಬೇಕು. ವಿಮಾನ ನಿಲ್ದಾಣದ ರೈಲಿನ ರಾಚಪ್ರಾರೋಪ್ ಸ್ಟೇಷನ್ ಮಾತ್ರ ಹತ್ತಿರ.

ಕುಟುಂಬದೊಂದಿಗೆ ಹೋಗುವವರು ಅಗ್ಗವೆಂದು ಕಣ್ಣುಮುಚ್ಚಿ ಸುಖುಮ್ವಿತ್ 4ನೇ ಸೊಯ್ ಬುಕ್ ಮಾಡಬೇಡಿ. ನಾನಾ ಸ್ಟೇಷನ್ ಪಕ್ಕದ ಆ ಗಲ್ಲಿ ರಾತ್ರಿ ಬಾರುಗಳದ್ದು. ಸೊಯ್ ಎಂದರೆ ಮುಖ್ಯರಸ್ತೆಯಿಂದ ಒಡೆದ ಅಡ್ಡರಸ್ತೆ. ಬೆಸ ಸಂಖ್ಯೆಗಳೆಲ್ಲ ರಸ್ತೆಯ ಒಂದು ಬದಿ, ಸಮ ಸಂಖ್ಯೆಗಳೆಲ್ಲ ಇನ್ನೊಂದು ಬದಿ, ಎರಡೂ ಬದಿಯ ಲೆಕ್ಕ ಜೊತೆಜೊತೆಗೆ ಸಾಗುವುದಿಲ್ಲ. 55ರ ಎದುರಿಗೆ 54 ಇರುತ್ತದೆಂದು ರಸ್ತೆ ದಾಟಿದರೆ ಸಿಗುವುದು 38.

ಇಳಿದ ಮೊದಲ ಗಂಟೆ

ಊರಿಗೆ ಎರಡು ವಿಮಾನ ನಿಲ್ದಾಣಗಳಿವೆ. ದೊಡ್ಡದು ಸುವರ್ಣಭೂಮಿ, ಟಿಕೆಟಿನಲ್ಲಿ ಬಿಕೆಕೆ ಎಂದಿರುತ್ತದೆ. ಹಳೆಯದು ದೋನ್ ಮುಆಂಗ್, ಅಂದರೆ ಡಿಎಂಕೆ. ಅಗ್ಗದ ವಿಮಾನಗಳು ಹಲವು ಅಲ್ಲಿ ಇಳಿಯುತ್ತವೆ. ಒಂದರಲ್ಲಿಳಿದು ಇನ್ನೊಂದರಿಂದ ಮರಳುವ ಟಿಕೆಟುಗಳೂ ಇರುವುದರಿಂದ ಎರಡು ಬಾರಿ ಓದಿ. ಸುವರ್ಣಭೂಮಿ ಎಂದು ನಾವು ಓದಿದ ಹಾಗೆ ಟ್ಯಾಕ್ಸಿಯವನಿಗೆ ಹೇಳಿದರೆ ಅವನಿಗೆ ತಿಳಿಯುವುದಿಲ್ಲ. ಅವರ ಬಾಯಲ್ಲಿ ಅದು 'ಸುವನ್ನಫೂಮ್'. ಸಂಸ್ಕೃತದ ಪದಗಳು ಥಾಯ್ ಭಾಷೆಯಲ್ಲಿ ಎಲ್ಲೆಲ್ಲೂ ಇವೆ, ಬಾಲ ಕತ್ತರಿಸಿಕೊಂಡು.

ಇಳಿದೊಡನೆ ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಡಿ. ನಮ್ಮ ರಾತ್ರಿಯ ವಿಮಾನಗಳು ಅಲ್ಲಿ ಬೆಳ್ಳಂಬೆಳಿಗ್ಗೆ ಇಳಿಯುತ್ತವೆ, ರೂಮಿನ ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ. ಸಾಮಾನು ಹೋಟೆಲಿನಲ್ಲಿಟ್ಟು ಮುಖ ತೊಳೆದುಕೊಂಡು ಹೊರಬೀಳಬಹುದು ಎಂದು ಮೊದಲೇ ಲೆಕ್ಕ ಹಾಕಿ, ಮೊದಲ ದಿನಕ್ಕೆ ಅರಮನೆ ಇಟ್ಟುಕೊಳ್ಳಬೇಡಿ.

ಸುವರ್ಣಭೂಮಿಯಿಂದ ಒಬ್ಬರು-ಇಬ್ಬರಾದರೆ ರೈಲು. ಆಗಮನ ಎರಡನೇ ಮಹಡಿಯಲ್ಲಿ. ಅಲ್ಲಿಂದ ನೆಲಮಾಳಿಗೆಗೆ ಇಳಿದರೆ ಏರ್‌ಪೋರ್ಟ್ ರೈಲ್ ಲಿಂಕ್. ಕೊನೆಯ ಸ್ಟೇಷನ್ ಫಾಯಾ ಥೈಗೆ 45 ಬಾತ್ (ಅಲ್ಲಿನ ದುಡ್ಡು), ಅರ್ಧ ಗಂಟೆಯೊಳಗಿನ ದಾರಿ. ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ರೈಲಿಲ್ಲ. ಅಸೋಕ್ ಕಡೆಗೆ ಹೋಗುವವರು ಮಕ್ಕಸನ್‌ನಲ್ಲೇ ಇಳಿದು ಸೇತುವೆ ದಾಟಿ ಪೆಚಬುರಿ ಎಂಆರ್‌ಟಿ ಹಿಡಿದರೆ ಮುಂದಿನದೇ ಸುಖುಮ್ವಿತ್ ಸ್ಟೇಷನ್.

ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಯೇ ಲೇಸು. ಒಳಗೆ ಬಂದು 'ಟ್ಯಾಕ್ಸಿ ಟ್ಯಾಕ್ಸಿ' ಎನ್ನುವವರ ಹಿಂದೆ ಹೋಗದೆ, ಒಂದನೇ ಮಹಡಿಗೆ ಇಳಿಯಿರಿ. ಅಲ್ಲಿನ ಯಂತ್ರದಿಂದ ಚೀಟಿ ಬರುತ್ತದೆ, ಅದರಲ್ಲಿ ನಿಮ್ಮ ಟ್ಯಾಕ್ಸಿ ನಿಂತಿರುವ ಅಂಕಣದ ಸಂಖ್ಯೆ ಇರುತ್ತದೆ. ಚೀಟಿ ಕೈಯಲ್ಲೇ ಇರಲಿ, ತಕರಾರಾದರೆ ಗಾಡಿ ಯಾವುದೆಂದು ತೋರಿಸಲು ಅದೇ ಆಧಾರ. ಕೊಡಬೇಕಾದದ್ದು ಮೀಟರ್, ಅದರ ಮೇಲೆ ವಿಮಾನ ನಿಲ್ದಾಣದ 50 ಬಾತ್, ಎಕ್ಸ್‌ಪ್ರೆಸ್‌ವೇ ಹಿಡಿದರೆ ಟೋಲ್. ಟೋಲ್ ಬೂತಿನಲ್ಲಿ ಚಾಲಕ ಆಗಲೇ ನಗದು ಕೇಳುತ್ತಾನೆ, ಚಿಲ್ಲರೆ ನೋಟು ಜೇಬಿನಲ್ಲಿರಲಿ. ಎಲ್ಲ ಸೇರಿ ಊರೊಳಕ್ಕೆ ಸುಮಾರು 400ರಿಂದ 500. ಇದು ಮೋಸವಲ್ಲ, ಲೆಕ್ಕವೇ ಹಾಗೆ.

ದೋನ್ ಮುಆಂಗ್‌ನಿಂದ ಎ-1 ಬಸ್ಸು 30 ಬಾತ್‌ಗೆ ಮೋ ಚಿತ್ ಬಿಟಿಎಸ್ ಮುಟ್ಟಿಸುತ್ತದೆ. ಕೆಂಪು ಮಾರ್ಗದ ರೈಲೂ ಇದೆ, ಅದು ಕ್ರುಂಗ್ ಥೇಪ್ ಅಫಿವತ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಎಂಆರ್‌ಟಿ ಸಿಗುತ್ತದೆ.

ದುಡ್ಡು

ಬಾತ್ ಎಂದರೆ ನಮ್ಮ ಬಿಸಿಬೇಳೆಯದಲ್ಲ, ಅಲ್ಲಿನ ನಾಣ್ಯ. ಒಂದಕ್ಕೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ರೂಪಾಯಿ ಒಯ್ದು ಅಲ್ಲಿ ಬದಲಿಸಿದರೆ ದರ ಚೆನ್ನಾಗಿರುವುದಿಲ್ಲ. ಇಲ್ಲಿಂದ ಡಾಲರ್ ಒಯ್ಯುವುದು ವಾಸಿ, ಅದೂ 100ರ ನೋಟು, ಹೊಸದು, ಮಡಿಕೆಯಿಲ್ಲದ್ದು, ಪೆನ್ನಿನ ಗೀಟಿಲ್ಲದ್ದು. ಸಣ್ಣ ನೋಟಿಗೆ ದರ ಇಳಿಸುತ್ತಾರೆ. ವಿಮಾನ ನಿಲ್ದಾಣದ ಆಗಮನ ಮಹಡಿಯ ಬ್ಯಾಂಕ್ ಕೌಂಟರ್‌ಗಳಿಗಿಂತ ನೆಲಮಾಳಿಗೆಯಲ್ಲಿ, ರೈಲಿನ ಬಾಗಿಲ ಬಳಿಯ ಪುಟ್ಟ ಅಂಗಡಿಗಳಲ್ಲಿ ದರ ಚೆನ್ನ. ಪಾಸ್‌ಪೋರ್ಟ್ ಮೂಲಪ್ರತಿ ಕೇಳುತ್ತಾರೆ.

ಎಟಿಎಂ ಬಳಸಿದರೆ ಪ್ರತಿ ಸಲಕ್ಕೂ 220 ಬಾತ್ ಅಥವಾ ಅದಕ್ಕೂ ಮೇಲೆ ಅಲ್ಲಿನ ಬ್ಯಾಂಕಿನ ಶುಲ್ಕ, ನಮ್ಮ ಬ್ಯಾಂಕಿನದ್ದು ಬೇರೆ. ಹಾಗಾಗಿ ತೆಗೆದರೆ ಒಮ್ಮೆಗೇ ದೊಡ್ಡದಾಗಿ ತೆಗೆಯಿರಿ. ಪರದೆಯ ಮೇಲೆ 'ರೂಪಾಯಿಗೆ ಪರಿವರ್ತಿಸಿ ಕಳೆಯಲೇ?' ಎಂದು ಕೇಳಿದರೆ ಬೇಡ ಎನ್ನಿ, ಬಾತ್‌ನಲ್ಲೇ ಕಳೆಯಲಿ. ಆ ಒಂದು ಬಟನ್ನಿನ ಮರೆಯಲ್ಲಿ ಕೆಟ್ಟ ದರವೊಂದು ಕೂತಿರುತ್ತದೆ. ಕಾರ್ಡ್ ಸ್ವೈಪ್ ಮಾಡುವಾಗಲೂ ಇದೇ ಮಾತು. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆಯನ್ನು, ಕಾಂಟ್ಯಾಕ್ಟ್‌ಲೆಸ್ ಸೇರಿಸಿ, ಆನ್ ಮಾಡಿ. ಬೀದಿಬದಿ ಗಾಡಿಗಳಲ್ಲಿ ಎಲ್ಲೆಲ್ಲೂ ಕ್ಯೂಆರ್ ಹಲಗೆ ಕಾಣುತ್ತದೆ, ಅದು ಅವರ ಬ್ಯಾಂಕ್ ಖಾತೆಗಳಿಗೆ ಇರುವಂಥದು. ಯುಪಿಐ ನಂಬಿಕೊಂಡು ಬರಿಗೈಯಲ್ಲಿ ಹೋಗಬೇಡಿ. 1,000ದ ನೋಟನ್ನು ಟ್ಯಾಕ್ಸಿಯಲ್ಲಿ ಚಾಚಿದರೆ ಚಿಲ್ಲರೆ ಇಲ್ಲವೆಂಬ ಉತ್ತರ ಖಾತ್ರಿ. ಸೆವೆನ್-ಇಲೆವೆನ್‌ನಲ್ಲಿ ನೀರಿನ ಬಾಟಲಿ ಕೊಂಡು ಒಡೆಸಿಕೊಳ್ಳಿ.

ಓಡಾಟ

ಬಿಟಿಎಸ್‌ನಲ್ಲಿ ಮುಖ್ಯವಾಗಿ ಎರಡು ಮಾರ್ಗ, ಸುಖುಮ್ವಿತ್ ಮತ್ತು ಸಿಲೋಮ್. ಎರಡೂ ಸೇರುವುದು ಸಯಾಮ್ ಸ್ಟೇಷನ್‌ನಲ್ಲಿ. ಟಿಕೆಟ್ ಯಂತ್ರದ ಮೇಲಿನ ನಕ್ಷೆಯಲ್ಲಿ ನೀವು ಹೋಗುವ ಸ್ಟೇಷನ್ ಹುಡುಕಿ, ಅದರ ಪಕ್ಕದ ಸಂಖ್ಯೆಯೇ ದರ, 17ರಿಂದ ಶುರು. ಹಳೆಯ ಯಂತ್ರಗಳು ನಾಣ್ಯವನ್ನಷ್ಟೇ ನುಂಗುತ್ತವೆ. ನೋಟು ಹಿಡಿದು ಬೂತಿಗೆ ಹೋದರೆ ಚಿಲ್ಲರೆ ಎಣಿಸಿ ಕೊಡುತ್ತಾರೆ. ಬಂದ ತೆಳ್ಳನೆ ಕಾರ್ಡನ್ನು ಜೋಪಾನ ಮಾಡಿ, ಹೊರಬರುವಾಗ ಗೇಟು ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಇಡೀ ದಿನದ ಪಾಸ್ 150 ಬಾತ್; ನಾಲ್ಕೈದು ಸಲ ಹತ್ತಿಳಿಯುವ ದಿನಕ್ಕಷ್ಟೇ ಅದು ಗಿಟ್ಟುತ್ತದೆ.

ಎಂಆರ್‌ಟಿ ಬೇರೆ ಸಂಸ್ಥೆಯದು. ಬಿಟಿಎಸ್ ಟಿಕೆಟ್ ಅಲ್ಲಿ ನಡೆಯುವುದಿಲ್ಲ, ಸ್ಟೇಷನ್ ಒಂದಕ್ಕೊಂದು ಅಂಟಿಕೊಂಡಿದ್ದರೂ ಹೆಸರು ಬೇರೆ: ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಮ್ವಿತ್, ಮೋ ಚಿತ್ ಅಲ್ಲಿ ಚತುಚಕ್ ಪಾರ್ಕ್. ಮೊದಲ ದಿನ ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಎಂಆರ್‌ಟಿ ಗೇಟಿಗೆ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ನೇರವಾಗಿ ತಾಕಿಸಬಹುದು. ಒಬ್ಬರಿಗೆ ಒಂದು ಕಾರ್ಡ್, ಹೋದ ಕಾರ್ಡಿನಲ್ಲೇ ಹೊರಬರಬೇಕು. ಗಂಡನ ಕಾರ್ಡಿನಲ್ಲಿ ಹೆಂಡತಿ ಮಕ್ಕಳನ್ನೂ ಒಳಗೆ ಬಿಡುವುದಿಲ್ಲ, ಅವರಿಗೆ ಕಪ್ಪು ಟೋಕನ್ ಕೊಳ್ಳಿ. ರೈಲಿನೊಳಗೆ ಏಸಿ ಗಡಗಡ ನಡುಗಿಸುತ್ತದೆ. ಚಿಕ್ಕ ಮಕ್ಕಳಿಗೊಂದು ತುಂಬುತೋಳಿನ ಅಂಗಿ ಬ್ಯಾಗಿನಲ್ಲಿರಲಿ.

ರಸ್ತೆಯ ಟ್ಯಾಕ್ಸಿ ಕೈಮಾಡಿ ನಿಲ್ಲಿಸುವಾಗ ಒಂದು ಸೂಕ್ಷ್ಮ: ಮುಂದಿನ ಗಾಜಿನೊಳಗೆ ಕೆಂಪು ದೀಪ ಉರಿಯುತ್ತಿದ್ದರೆ ಗಾಡಿ ಖಾಲಿ ಇದೆ ಎಂದರ್ಥ. ಕೆಂಪು ಕಂಡು ಬೇರೆ ಯಾರದೋ ಎಂದು ಬಿಡುವವರೇ ಹೆಚ್ಚು. ಮೀಟರ್ 35ರಿಂದ ಶುರುವಾಗುತ್ತದೆ. ಬಾಗಿಲು ತೆಗೆದು ಹೋಗುವ ಜಾಗ ಹೇಳಿ, 'ಮೀಟರ್?' ಎನ್ನಿ. ತಲೆಯಲ್ಲಾಡಿಸಿ 300 ಎಂದರೆ ಬಾಗಿಲು ಮುಚ್ಚಿ ಮುಂದಿನದಕ್ಕೆ ಕೈಮಾಡಿ, ಜಗಳ ಬೇಡ. ಟ್ಯಾಕ್ಸಿ ಕರೆಸುವ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳನ್ನು ಊರಲ್ಲೇ ಹಾಕಿಕೊಂಡು ಹೋಗಿ. ಓಟಿಪಿ ನಮ್ಮ ನಂಬರಿಗೆ ಬರುವುದರಿಂದ ಅಲ್ಲಿ ಸಿಮ್ ಬದಲಿಸಿದ ಮೇಲೆ ಫಜೀತಿ. ಟುಕ್ ಟುಕ್ ನಮ್ಮ ಆಟೋಗಿಂತ ಅಗ್ಗವಾಗಿರಬೇಕೆಂದು ಎಣಿಸಬೇಡಿ. ಮೀಟರಿಲ್ಲ, ಟ್ಯಾಕ್ಸಿಗಿಂತ ಹೆಚ್ಚೇ ಕೇಳುತ್ತಾರೆ.

ದೋಣಿ ಮಾತ್ರ ಬಿಡಬಾರದು. ಸೇನ್ ಸೇಪ್ ಕಾಲುವೆಯ ದೋಣಿ ಊರನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ. ಪ್ರತೂನಾಮ್‌ನಿಂದ ಹತ್ತಿದರೆ ಹಳೆಯ ಊರಿನ ಅಂಚಿನ ಪಾನ್ ಫಾ ಕಟ್ಟೆಗೆ ಮುಟ್ಟುತ್ತದೆ, ದರ ಟ್ಯಾಕ್ಸಿಯ ಟೋಲಿಗಿಂತ ಕಡಿಮೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಹಗ್ಗ ಹಿಡಿದು ಅಂಚು ತುಳಿದು ಒಳಕ್ಕೆ ಇಳಿಯಬೇಕು. ಅಂಚಿನಲ್ಲಿ ಕೂತವರು ಪಕ್ಕದ ಹಗ್ಗ ಎಳೆದು ಟಾರ್ಪಾಲು ಮೇಲೇರಿಸಬೇಕು, ಎದುರಿನ ದೋಣಿ ಬಂದಾಗ ಆ ಕಪ್ಪು ನೀರು ಮೈಮೇಲೆ ಬೀಳದಿರಲೆಂದು. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆಯೇ ನಡೆಯುತ್ತ ಕೈಚಾಚಿ ದುಡ್ಡು ತೆಗೆದುಕೊಳ್ಳುತ್ತಾರೆ. ಸಂಜೆ ಬೇಗ ನಿಂತುಹೋಗುತ್ತದೆ. ಮಂಡಿನೋವಿನವರಿಗೆ, ಕೈಗೂಸು ಇರುವವರಿಗೆ ಇದು ಬೇಡ.

ಅರಮನೆಯ ದಿನ

ಬೆಳಿಗ್ಗೆ ಏಳೂವರೆಗೆ ಸಫಾನ್ ತಕ್ಸಿನ್ ಬಿಟಿಎಸ್‌ನಲ್ಲಿ ಇಳಿಯಿರಿ. ಕೆಳಗೇ ಸಾಥೋನ್ ದೋಣಿಕಟ್ಟೆ. 'ಟೂರಿಸ್ಟ್ ಬೋಟ್' ಎಂದು ಡೇ ಪಾಸ್ ಮಾರುವವರನ್ನು ದಾಟಿ, ಕಿತ್ತಳೆ ಬಾವುಟದ ದೋಣಿಯ ಸಾಲಿಗೆ ನಿಲ್ಲಿ. ಎಲ್ಲಿಗೆ ಹೋದರೂ 16 ಬಾತ್. ಬೆಳಗಿನ ಹೊತ್ತು ಹಳದಿ ಬಾವುಟದ ದೋಣಿಯೂ ಬರುತ್ತದೆ, ಅದು ಎಲ್ಲ ಕಟ್ಟೆಗೂ ನಿಲ್ಲುವುದಿಲ್ಲ. ನೀವು ಇಳಿಯಬೇಕಾದದ್ದು ಥಾ ಚಾಂಗ್. ಥಾ ಎಂದರೆ ದೋಣಿಕಟ್ಟೆ, ಚಾಂಗ್ ಎಂದರೆ ಆನೆ.

ಕಟ್ಟೆಯಿಂದ ಅರಮನೆಯ ಬಾಗಿಲಿಗೆ ಐದು ನಿಮಿಷದ ನಡಿಗೆ. ಆ ಐದು ನಿಮಿಷದಲ್ಲೇ ಇಸ್ತ್ರಿ ಅಂಗಿ ತೊಟ್ಟ ಸಭ್ಯಸ್ಥನೊಬ್ಬ ಎದುರಾಗಿ, 'ಇವತ್ತು ಪೂಜೆ ಇದೆ, ಮಧ್ಯಾಹ್ನದವರೆಗೆ ಬಂದ್' ಎನ್ನಬಹುದು. ನಿಮ್ಮ ಅದೃಷ್ಟಕ್ಕೆ ಪಕ್ಕದಲ್ಲೇ ಟುಕ್ ಟುಕ್, ಮೂರು ದೇವಸ್ಥಾನಕ್ಕೆ 20 ಬಾತ್! ಆ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿ ಅಥವಾ ದರ್ಜಿಯ ಅಂಗಡಿಯ ಮುಂದೆ. ಗಿರಾಕಿ ಕರೆತಂದದ್ದಕ್ಕೆ ಅವನಿಗೆ ಕಮಿಷನ್. ರಾಜಮನೆತನದ ಸಮಾರಂಭಗಳಿಗೆ ಅರಮನೆಯ ಕೆಲವು ಭಾಗ ಮುಚ್ಚುವುದು ನಿಜ, ಆದರೆ ಅದನ್ನು ತಿಳಿಸುವುದು ಅರಮನೆಯ ಅಧಿಕೃತ ತಾಣ ಮತ್ತು ಟಿಕೆಟ್ ಕಿಟಕಿ. ಬಾಗಿಲವರೆಗೂ ನಡೆದು ಹೋಗಿ ನೋಡಿ.

ಬಾಗಿಲು ತೆರೆಯುವುದು ಎಂಟೂವರೆಗೆ, ಟಿಕೆಟ್ ಕಿಟಕಿ ಮೂರೂವರೆಗೆ ಮುಚ್ಚುತ್ತದೆ, ದರ 500 ಬಾತ್. 120 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ಕುಪ್ಪಸದ ಮೇಲೆ ಶಾಲು ಹೊದ್ದರೆ ಸಾಲದೆಂದು ತಡೆಯುವುದುಂಟು. ಹರಿದ ಜೀನ್ಸ್, ಮೈಗಂಟಿದ ಲೆಗ್ಗಿಂಗ್ಸ್‌ಗೂ ಅದೇ ಗತಿ. ಗೇಟಿನ ಬಳಿ ಆನೆಯ ಚಿತ್ರದ ಜೋಲು ಪ್ಯಾಂಟುಗಳನ್ನು ಮಾರುತ್ತಾರೆ, ಅದನ್ನು ಉಟ್ಟು ಒಳಹೋಗುವವರ ಸಾಲೇ ಕಾಣುತ್ತದೆ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ಕನ್ನಡದ ಓದುಗರು ಅದಕ್ಕೂ ಮುಂಚೆ ಸುತ್ತಿನ ಪಡಸಾಲೆಗೆ ಹೋಗುವುದು ಒಳ್ಳೆಯದು. ಗೋಡೆಯುದ್ದಕ್ಕೂ 178 ಚಿತ್ರಗಳಲ್ಲಿ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ. ತೋಸಕನ್ ಎಂದರೆ ದಶಕಂಠ, ನಾಂಗ್ ಸೀದಾ ಎಂದರೆ ಸೀತೆ. ಬಿಳಿ ಮೈಯ ಹನುಮಾನನನ್ನು ಗುರುತಿಸುವುದು ಸುಲಭ, ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ: ಇಲ್ಲಿ ಅವನು ಬ್ರಹ್ಮಚಾರಿಯಲ್ಲ, ಸೇತುವೆ ಕಟ್ಟುವ ಹೊತ್ತಿಗೆ ಮತ್ಸ್ಯಕನ್ಯೆಯೊಬ್ಬಳಿಗೆ ಸೋಲುತ್ತಾನೆ. ಟಿಕೆಟಿನ ಜೊತೆ ಬಂದ ಚೀಟಿಗಳನ್ನು ಬಿಸಾಡಬೇಡಿ. ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ಖೋನ್ ಎಂಬ ಮುಖವಾಡದ ಕುಣಿತಕ್ಕೆ ಪ್ರವೇಶ ಅದರಲ್ಲೇ ಸೇರಿರುತ್ತದೆ. ದಿನ, ಹೊತ್ತು ಕಿಟಕಿಯಲ್ಲಿ ಕೇಳಿಕೊಳ್ಳಿ. ಯಕ್ಷಗಾನ ನೋಡಿ ಬೆಳೆದವರಿಗೆ ಆ ಕಿರೀಟ, ರಾಕ್ಷಸರ ಹೆಜ್ಜೆಗಾರಿಕೆ ಅರ್ಧ ಪರಿಚಿತ, ಅರ್ಧ ಹೊಸತು.

ಹನ್ನೊಂದಕ್ಕೆ ಹೊರಬನ್ನಿ. ಹತ್ತು-ಹದಿನೈದು ನಿಮಿಷ ನಡೆದರೆ ವತ್ ಫೋ ಗುಡಿ (300 ಬಾತ್), 46 ಮೀಟರ್ ಉದ್ದದ ಮಲಗಿದ ಬುದ್ಧ. ಅದರ ಎದುರಿನ ಥಾ ತಿಯೆನ್ ಕಟ್ಟೆಯಿಂದ 5 ಬಾತ್ ಕೊಟ್ಟು ನದಿ ದಾಟಿದರೆ ವತ್ ಅರುಣ್ (200 ಬಾತ್). ಅರುಣನ ಹೆಸರಿನ ಗುಡಿಯಾದರೂ ಸೊಗಸಾಗಿ ಕಾಣುವುದು ಸೂರ್ಯ ಮುಳುಗುವಾಗ, ಈಚೆ ದಡದಿಂದ. ಬಿಸಿಲಿಗೆ ಸೋತಿದ್ದರೆ ನಡುವೆ ಸನಾಮ್ ಚೈ ಎಂಆರ್‌ಟಿ ಹಿಡಿದು ರೂಮಿಗೆ ಹೋಗಿ, ಮಲಗೆದ್ದು ಸಂಜೆ ಬಂದರೂ ನಷ್ಟವಿಲ್ಲ. ಒಂದೇ ದಿನಕ್ಕೆ ಇದರ ಜೊತೆ ಚೈನಾ ಟೌನ್, ಮಾಲು, ರಾತ್ರಿ ಕ್ರೂಸ್ ಎಂದು ಪೇರಿಸುವ ಪ್ಯಾಕೇಜುಗಳು ಕಾಲಿಗೂ ದಂಡ, ಕಣ್ಣಿಗೂ ದಂಡ.

ಸಸ್ಯಾಹಾರಿಗಳ ಪಾಡು

ಬ್ಯಾಂಕಾಕ್‌ನಲ್ಲಿ ಸಸ್ಯಾಹಾರ ಸಿಗುವುದಿಲ್ಲ ಎನ್ನುವುದು ಸುಳ್ಳು. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಿಗುವುದಿಲ್ಲ ಎನ್ನುವುದು ನಿಜ. ತಟ್ಟೆಯಲ್ಲಿ ತುಂಡು ಕಾಣದಿದ್ದರೆ ಅದು ತರಕಾರಿಯದೇ ಎಂಬುದು ಹಲವರ ಲೆಕ್ಕ. ಮೀನಿನ ಸಾರವಾದ ನಾಮ್ ಪ್ಲಾ ಅಲ್ಲಿ ಉಪ್ಪಿನ ಜಾಗದಲ್ಲಿದೆ, ಸಿಗಡಿ ಅರೆದು ಮಾಡಿದ ಕಪಿ ಹಸಿರು-ಕೆಂಪು ಕರ್ರಿಗಳ ಮಸಾಲೆಯಲ್ಲೇ ಸೇರಿರುತ್ತದೆ, ಸೊಪ್ಪು ಹುರಿಯುವಾಗ ಆಯ್ಸ್ಟರ್ (ಸಿಂಪಿಜೀವಿಯ) ಸಾಸ್ ಬೀಳುತ್ತದೆ. ಸೋಮ್ ತಾಮ್ ಎಂಬ ಪರಂಗಿಕಾಯಿಯ ಕೋಸಂಬರಿಯಲ್ಲೂ ಒಣಸಿಗಡಿ. ಪಾಡ್ ಥಾಯ್ ಎಂಬ ಹುರಿದ ನೂಡಲ್ಸ್‌ನಲ್ಲಿ ಮೊಟ್ಟೆ, ಒಣಸಿಗಡಿ, ನಾಮ್ ಪ್ಲಾ ಮೂರೂ.

ಕಲಿಯಬೇಕಾದ ಪದ ಒಂದೇ: ಜೇ. ಚೀನೀ ಬೌದ್ಧ ಸಂಪ್ರದಾಯದಿಂದ ಬಂದ ಕಟ್ಟುನಿಟ್ಟಿನ ವ್ರತದೂಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮನೆಯಲ್ಲಿ ಇವನ್ನು ಬಿಟ್ಟವರಿಗೂ ಹೊಂದುತ್ತದೆ. ಹಳದಿ ಬಟ್ಟೆಯ ಮೇಲೆ ಕೆಂಪಿನಲ್ಲಿ ಬರೆದ ಅಕ್ಷರ ಇದರ ಗುರುತು, ನಮ್ಮ ಕಣ್ಣಿಗೆ ಅದು 17 ಎಂಬ ಅಂಕಿಯ ಹಾಗೆ ಕಾಣುತ್ತದೆ. ಸೆವೆನ್-ಇಲೆವೆನ್‌ನ ಪೊಟ್ಟಣಗಳ ಮೇಲೂ ಈ ಗುರುತು ಹುಡುಕಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಜೇ ಹಬ್ಬ ಬರುತ್ತದೆ. ಆಗ ಚೈನಾ ಟೌನಿನ ಯಾವರಾತ್ ರಸ್ತೆ ತುಂಬ ಹಳದಿ ಬಾವುಟ. ಸಸ್ಯಾಹಾರಿಗಳಿಗೆ ಬ್ಯಾಂಕಾಕ್‌ನ ಸುಗ್ಗಿ ಅದೇ.

ಇನ್ನೊಂದು ಪದ ಮಂಗ್‌ಸವಿರತ್. ಬಿಡಿಸಿ ನೋಡಿದರೆ ನಮ್ಮದೇ ಮಾಂಸವಿರತಿ. ಆದರೆ ಇದರಲ್ಲಿ ಮೊಟ್ಟೆ ಸೇರಿರಬಹುದು, ಆದ್ದರಿಂದ ಜೇ ಎನ್ನುವುದೇ ಭದ್ರ. ಗಂಡಸರು 'ಪೊಮ್ ಕಿನ್ ಜೇ ಖ್ರಾಪ್', ಹೆಂಗಸರು 'ಚಾನ್ ಕಿನ್ ಜೇ ಖಾ' ಎನ್ನಬೇಕು, ನಾನು ಜೇ ತಿನ್ನುವವನು/ಳು ಎಂದರ್ಥ. ಜೊತೆಗೆ 'ಮೈ ಸೈ ನಾಮ್ ಪ್ಲಾ' (ಮೀನಿನ ಸಾರ ಹಾಕಬೇಡಿ), 'ಮೈ ಸೈ ಖೈ' (ಮೊಟ್ಟೆ ಬೇಡ). ಥಾಯ್‌ನಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಹೋಟೆಲಿನ ರಿಸೆಪ್ಷನ್‌ನಲ್ಲಿ ಇದನ್ನೇ ಥಾಯ್ ಲಿಪಿಯಲ್ಲಿ ಬರೆಸಿಕೊಂಡು ಫೋಟೋ ಇಟ್ಟುಕೊಳ್ಳಿ, ಗಾಡಿಯವರಿಗೆ ತೋರಿಸಿದರೆ ಸಾಕು. ಒಂದು ಮಾತು: ಅದೇ ಬಾಣಲೆ, ಅದೇ ಸಟ್ಟುಗ. ನಿಮ್ಮದಕ್ಕೆ ಮುಂಚೆ ಹಂದಿ ಹುರಿದ ಬಾಣಲೆಗೆ ಒಂದು ಸೌಟು ನೀರು ಹೊಯ್ದು ಉಜ್ಜಿ ಚೆಲ್ಲಿದರೆ ಅವರ ಪಾಲಿಗೆ ತೊಳೆದ ಹಾಗೆ. ಅಷ್ಟು ಸಹಿಸದವರು ಜೇ ಮಾತ್ರ ಮಾಡುವ ಅಂಗಡಿಗೇ ಹೋಗಬೇಕು, ಅಥವಾ ಫಾಹುರತ್‌ಗೆ.

ಫಾಹುರತ್ ಅಲ್ಲಿನ ಭಾರತೀಯ ಪೇಟೆ, ಸಾಮ್ ಯೋತ್ ಎಂಆರ್‌ಟಿಯಿಂದ ನಡಿಗೆಯ ದೂರ. ಬಟ್ಟೆ ಅಂಗಡಿಗಳ ನಡುವೆ ಗುರುದ್ವಾರ ಶ್ರೀ ಗುರು ಸಿಂಗ್ ಸಭಾ ಇದೆ, ಬೆಳಗಿನ ಲಂಗರಿನಲ್ಲಿ ಯಾರೂ ಕೂತು ಉಣ್ಣಬಹುದು. ತಲೆಗೆ ವಸ್ತ್ರ ಬೇಕು. ಇಡ್ಲಿ, ದೋಸೆ ಬೇಕೆನಿಸಿದರೆ ಸಿಲೋಮ್‌ನ ಮಾರಿಯಮ್ಮನ ಗುಡಿಯ ಆಸುಪಾಸು, ಸುಖುಮ್ವಿತ್‌ನ ನಾನಾ ಸುತ್ತಮುತ್ತ ಹುಡುಕಿ. ಬೆಲೆ ಮಾತ್ರ ನಮ್ಮ ದರ್ಶಿನಿಯದಲ್ಲ. ಮಾಲುಗಳ ಫುಡ್ ಕೋರ್ಟ್ ಅಗ್ಗ, ಚೊಕ್ಕಟ. ಅಸೋಕ್‌ನ ಟರ್ಮಿನಲ್ 21ರಲ್ಲಿ ಮೇಲಂತಸ್ತಿನ ಪಿಯರ್ 21ಕ್ಕೆ ಹೋಗಿ, ಮೊದಲು ಕೌಂಟರಿನಲ್ಲಿ ದುಡ್ಡು ಕಟ್ಟಿ ಕಾರ್ಡ್ ಪಡೆಯಿರಿ, ಉಳಿದದ್ದನ್ನು ಹೊರಡುವಾಗ ಅಲ್ಲೇ ವಾಪಸ್ ಕೊಡುತ್ತಾರೆ. ಮಾವಿನಹಣ್ಣು-ಅಂಟಕ್ಕಿ ಅನ್ನ-ತೆಂಗಿನಹಾಲಿನ ತಿಂಡಿ, ಹೆಚ್ಚಿದ ಹಣ್ಣು, ಎಳನೀರು ಎಲ್ಲೆಡೆ. ಮೊಸರನ್ನ ಬಿಡಲಾಗದವರು ಅಂಗಡಿಯ ಮೊಸರಿನ ಡಬ್ಬಿಯಲ್ಲಿ ಸಕ್ಕರೆ ಹಾಕದ್ದೆಂದು ಬರೆದಿದೆಯೇ ನೋಡಿ, ಬಹುಪಾಲು ಸಿಹಿ. ರೂಮಿನಲ್ಲಿ ಕೆಟಲ್ ಇರುವುದರಿಂದ ಬಿಸಿನೀರು ಹೊಯ್ದರಾಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ನಾಲ್ಕಾರು ಒಯ್ಯುವುದು ನಾಚಿಕೆಯ ವಿಷಯವಲ್ಲ. ನಲ್ಲಿ ನೀರು ಕುಡಿಯಬೇಡಿ.

ಕೆಲವು ಎಚ್ಚರಿಕೆ, ಮತ್ತೆ ಮರಳಿಕೆ

ರಾಜಮನೆತನದ ಬಗ್ಗೆ ತಮಾಷೆಗೂ ಮಾತಾಡಬೇಡಿ, ಬರೆಯಬೇಡಿ. ಜೈಲುಶಿಕ್ಷೆಯ ಅಪರಾಧ ಅದು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್‌ಗಳಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಎಲ್ಲರೂ ನಿಂತರೆ ನೀವೂ ನಿಲ್ಲಿ. ಭಿಕ್ಷುಗಳನ್ನು ಹೆಂಗಸರು ಮುಟ್ಟಬಾರದು, ಬುದ್ಧನ ಕಡೆ ಕಾಲುಚಾಚಿ ಕೂರಬಾರದು. ಜೆಬ್ರಾ ಪಟ್ಟಿ ಕಂಡು ಗಾಡಿ ನಿಲ್ಲುತ್ತದೆಂದು ನಂಬುವುದು ಬೇಡ. ತೊಂದರೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಮ್ಮ ರಾಯಭಾರ ಕಚೇರಿ ಸುಖುಮ್ವಿತ್ 23ನೇ ಸೊಯ್‌ನಲ್ಲಿದೆ.

ವಾರಾಂತ್ಯ ಸಿಕ್ಕರೆ ಚತುಚಕ್ ಸಂತೆಗೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ತಗಡಿನಡಿ ಕುದಿಯುತ್ತದೆ. ಇಷ್ಟವಾದ ಅಂಗಡಿಯ ಸಂಖ್ಯೆ ಬರೆದುಕೊಳ್ಳಿ, ಮರಳಿ ಹುಡುಕಲು ಬೇರೆ ದಾರಿಯಿಲ್ಲ. ಮಾಲುಗಳಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್‌ಗೆ ಮೇಲ್ಪಟ್ಟು ಕೊಂಡರೆ ಪಾಸ್‌ಪೋರ್ಟ್ ತೋರಿಸಿ ವ್ಯಾಟ್ ಮರುಪಾವತಿಯ ಫಾರ್ಮ್ ಕೇಳಿ. ಕೊಂಡ ಮೊತ್ತ ದೊಡ್ಡದಾದರೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಪ್ಪಿಸುವ ಮೊದಲೇ ಕಸ್ಟಮ್ಸ್ ಕೌಂಟರಿಗೆ ಹೋಗಬೇಕಾಗುತ್ತದೆ. ಒಪ್ಪಿಸಿದ ಮೇಲೆ ನೆನಪಾದರೆ ತೋರಿಸಲು ಸಾಮಾನೇ ಇರುವುದಿಲ್ಲ.

ಅಲ್ಲಿ ಪರಿಚಯವಾದವರು 'ಬೆಂಗಳೂರಿನಲ್ಲಿ ನಮ್ಮ ತಮ್ಮ ಬಂದು ತೆಗೆದುಕೊಳ್ಳುತ್ತಾನೆ' ಎಂದು ಕೊಡುವ ಚಾಕೊಲೇಟ್ ಡಬ್ಬಿ, ಚಹಾದ ಪೊಟ್ಟಣ, ಯಾವುದನ್ನೂ ಮುಟ್ಟಬೇಡಿ. ಕೆಂಪೇಗೌಡ ನಿಲ್ದಾಣದಲ್ಲಿ ಬ್ಯಾಂಕಾಕ್ ವಿಮಾನದಿಂದ ಇಳಿದವರ ಬಳಿ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾ, ವನ್ಯಜೀವಿ ಹಿಡಿದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ಬ್ಯಾಂಕಾಕ್‌ನಲ್ಲಿ ಗಾಂಜಾ ಅಂಗಡಿಯ ಬೋರ್ಡ್ ಕಂಡಿತೆಂಬುದು ಇಲ್ಲಿನ ಕಾನೂನಿನ ಮುಂದೆ ಸಬೂಬಾಗುವುದಿಲ್ಲ.

ಮರಳುವ ದಿನ ಶುಕ್ರವಾರ ಸಂಜೆಯೋ ಮಳೆಯೋ ಆಗಿದ್ದರೆ ಟ್ಯಾಕ್ಸಿ ಬೇಡ, ಫಾಯಾ ಥೈನಿಂದ ರೈಲು ಹಿಡಿಯಿರಿ. ಮೂರು ಗಂಟೆ ಮುಂಚೆ ತಲುಪಿದರೂ ಸುವರ್ಣಭೂಮಿಯೊಳಗಿನ ನಡಿಗೆ ದೊಡ್ಡದು. ಇಮಿಗ್ರೇಷನ್ ದಾಟಿದೊಡನೆ ಎದುರಿಗೆ ಸಮುದ್ರಮಥನದ ಭಾರಿ ಶಿಲ್ಪ: ನಡುವೆ ಮಂದರ, ಮೇಲೆ ವಿಷ್ಣು, ಎರಡು ಕಡೆ ವಾಸುಕಿಯನ್ನು ಎಳೆಯುವ ದೇವತೆಗಳು, ಅಸುರರು. ಫೋಟೋ ತೆಗೆದುಕೊಳ್ಳುವ ಮುಂಚೆ ಬೋರ್ಡಿಂಗ್ ಪಾಸ್ ನೋಡಿ. ಗೇಟಿನ ಹೆಸರು 'ಎಸ್' ಅಕ್ಷರದಿಂದ ಶುರುವಾಗಿದ್ದರೆ ಅದು ಬೇರೆ ಕಟ್ಟಡದಲ್ಲಿದೆ. ನೆಲದಡಿಯ ಪುಟ್ಟ ರೈಲು ಹತ್ತಿಯೇ ಹೋಗಬೇಕು, ಅದಕ್ಕೆ ಇನ್ನೊಂದು ಇಪ್ಪತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ.